ಉದ್ಯಮವೀರ ಲಕ್ಷ್ಮಣರಾವ್ ಕಿರ್ಲೋಸ್ಕರರು

ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಕು ಹರಿಯುವ ಮೊದಲೇ ದಿನವು ಆರಂಭವಾಗುತ್ತದೆ. ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಹಮಾಲರ ಬೆನ್ನಿನ ಮೇಲೆ ಮೂಟೆಗಳು ಏರುತ್ತವೆ. ಅಡತಿ ಅಂಗಡಿಗಳ ಗುಮಾಸ್ತರು ಚೀಟಿ ಬರೆಯತೊಡಗುತ್ತಾರೆ. ಇವರೆಲ್ಲರಿಗಿಂತ ಮೊದಲೇ ಎದ್ದವರು ಹೋಟೆಲಿನ ಕೆಲಸದಲ್ಲಿರುವ ನಮ್ಮ ಬಂಧುಗಳು. ಮೊದಲ ಗಿರಾಕಿ ಬಾಗಿಲಿಗೆ ಬರುವಷ್ಟರಲ್ಲಿ ಇಡ್ಲಿ ಹಬೆಯಲ್ಲಿ ಬೆಂದಿರಬೇಕು, ಕಾವಲಿ ಕಾದಿರಬೇಕು, ಕಾಫಿಯ ಡಿಕಾಕ್ಷನ್ ಇಳಿದಿರಬೇಕು.

ಈ ನಿತ್ಯದ ಕೆಲಸದಲ್ಲಿ ಒಂದು ದೊಡ್ಡ ವಿದ್ಯೆ ಅಡಗಿದೆಯೆಂಬುದು ನಮ್ಮ ಅನೇಕ ವಾಚಕರಿಗೆ ಹೊಳೆದಿರಲಿಕ್ಕಿಲ್ಲ. ನಾಳೆಯ ಇಡ್ಲಿಗೆ ಇಂದು ಮಧ್ಯಾಹ್ನವೇ ಅಕ್ಕಿ ಉದ್ದನ್ನು ನೆನೆಹಾಕಬೇಕು. ಆಗ ಗಿರಾಕಿಯು ಇನ್ನೂ ಬಂದಿಲ್ಲ, ಏನನ್ನೂ ಕೇಳಿಲ್ಲ. ಅವನು ಬಂದಾನೆಂಬ ಲೆಕ್ಕ ಮಾತ್ರ ಭಟ್ಟರ ತಲೆಯಲ್ಲಿದೆ. ಆ ಲೆಕ್ಕದಂತೆ ಹಿಟ್ಟು ಎಷ್ಟು, ಅದರಲ್ಲಿ ಇಡ್ಲಿಗೆಷ್ಟು, ದೋಸೆಗೆಷ್ಟು, ಯಾವ ಒಲೆಗೆ ಯಾವ ಕೆಲಸ, ಯಾರ ಕೈಗೆ ಯಾವುದು ಎಂದು ಮುಂಚಿತವಾಗಿಯೇ ನಿಶ್ಚಯವಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನೇ ಯೋಜಿತ ಆರ್ಡರುಗಳನ್ನು ಉತ್ಪಾದನೆಯ ಸಾಲುಗಳಿಗೆ ಹಂಚುವುದೆಂದು ಕರೆಯುತ್ತಾರೆ. ಒಂದೇ ಬಗೆಯ ಸರಕನ್ನು ದಿನದಿನವೂ ಮಾಡುವ ಕಾರ್ಖಾನೆಯ ಪ್ರಾಣವೇ ಈ ಹಂಚಿಕೆಯಲ್ಲಿದೆ.

ಮಾರ್ಕೆಟ್ ಯಾರ್ಡಿಗೆ ಬರುವ ಬೆಲ್ಲದ ಪೆಂಟೆಯನ್ನೂ ಶೇಂಗಾದ ಚೀಲವನ್ನೂ ನೋಡಿದಾಗ ನಮಗೆ ಒಬ್ಬ ಮಹನೀಯರ ನೆನಪು ಬರುತ್ತದೆ. ಹೊಲವನ್ನು ಉಳುವ ಕಬ್ಬಿಣದ ನೇಗಿಲು, ಕಬ್ಬನ್ನು ಅರೆಯುವ ಗಾಣ, ಶೇಂಗಾದ ಸಿಪ್ಪೆ ಸುಲಿಯುವ ಯಂತ್ರ, ದನಕ್ಕೆ ಮೇವು ಕತ್ತರಿಸುವ ಯಂತ್ರ ಇವುಗಳನ್ನೆಲ್ಲ ನಮ್ಮ ದೇಶದ ನೆಲದಲ್ಲೇ, ನಮ್ಮ ಜನರ ಕೈಯಿಂದಲೇ ಮಾಡಿಸಿ ರೈತನಿಗೆ ಮುಟ್ಟಿಸಿದವರು ಅವರು. ಕನ್ನಡ ನೆಲದಲ್ಲಿ ಹುಟ್ಟಿ ಮಹಾರಾಷ್ಟ್ರದ ಬಂಜರಿನಲ್ಲಿ ಬೇರೂರಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಚರಿತ್ರೆಯು, ಊರು ಬಿಟ್ಟು ಬಂದು ದುಡಿಯುವ ನಮ್ಮಂಥವರಿಗೆ ಪರಕೀಯವಾದುದಲ್ಲ.

ಬಾಲ್ಯ ಮತ್ತು ಮುಂಬಯಿ ವಾಸ

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ರಂಗಭೂಮಿಯ ಆದ್ಯರಲ್ಲೊಬ್ಬರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಲಕ್ಷ್ಮಣರಾಯರ ತಂದೆ ಕಾಶೀನಾಥಪಂತರು ವೇದಾಂತದಲ್ಲಿ ನಿಷ್ಠೆಯುಳ್ಳವರು. ಮಗನಿಗೆ ಶಾಲೆಯ ಪಾಠದಲ್ಲಿ ಅಷ್ಟಾಗಿ ಮನಸ್ಸಿರಲಿಲ್ಲ. ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಅವನ ಆಸಕ್ತಿ. ಅಣ್ಣ ರಾಮಚಂದ್ರರಾಯರು, ಅಂದರೆ ಎಲ್ಲರ ಬಾಯಲ್ಲಿ ರಾಮುಅಣ್ಣನವರು, ತಮ್ಮನ ಪರವಾಗಿ ನಿಂತರು. ಹಾಗೆ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಅಲ್ಲಿ ವಿಧಿಯು ಮೊದಲ ಪೆಟ್ಟನ್ನು ಕೊಟ್ಟಿತು. ಅವರ ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ. ವರ್ಣಚಿತ್ರಕಾರನಾಗಬೇಕೆಂದು ಬಂದ ಯುವಕನಿಗೆ ಇದಕ್ಕಿಂತ ದೊಡ್ಡ ನಿರಾಶೆ ಯಾವುದು? ಆದರೆ ಅವರು ಗಂಟುಮೂಟೆ ಕಟ್ಟಿ ಊರಿಗೆ ಮರಳಲಿಲ್ಲ. ಬಣ್ಣ ಬೇಡದ ಯಂತ್ರರೇಖಾಚಿತ್ರವನ್ನು ಕಲಿತು ಅದರಲ್ಲಿ ನಿಪುಣರಾದರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿಯ ಯಂತ್ರಶಾಲೆಯಲ್ಲಿ ಕೈಕೆಲಸವನ್ನು ಕಲಿತರು. ಅಮೆರಿಕದಿಂದ ಬರುವ ಯಂತ್ರವಿದ್ಯೆಯ ಪತ್ರಿಕೆಗಳನ್ನು ಓದಿದರು. ನೌಕರಿ ಮಾಡುತ್ತಲೇ ಕಲಿತ ಈ ವಿದ್ಯೆಯೇ ಮುಂದೆ ಅವರನ್ನು ಕಾಯಿತು.

ಇಷ್ಟರಲ್ಲಿ, 1888ರಲ್ಲಿ, ಸೋದರರ ಹೆಸರಿನಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಆರಂಭವಾಗಿತ್ತು. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ಲುಗಳನ್ನು ಕಳುಹಿಸುವುದು, ರಾಮುಅಣ್ಣನವರು ಬೆಳಗಾವಿಯಲ್ಲಿ ಅವನ್ನು ಮಾರುವುದಲ್ಲದೆ ಏರಿ ಓಡಿಸುವುದನ್ನೂ ಕಲಿಸುವುದು, ಹೀಗೆ ವ್ಯವಹಾರ ಸಾಗಿತು. ಮುಂಬಯಿಯ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿಯು ಒಬ್ಬ ಆಂಗ್ಲೋ-ಇಂಡಿಯನ್ ಗೃಹಸ್ಥನಿಗೆ ಹೋದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಆ ಊರಿನಲ್ಲಿ ಇಂದಿಗೂ ಕಿರ್ಲೋಸ್ಕರ ರಸ್ತೆಯೆಂಬ ಬೀದಿಯು ಆ ಅಂಗಡಿಯ ಕಾಲವನ್ನು ನೆನಪಿಸುತ್ತದೆ.

ಮಾರಾಟವಾಗದ ನೇಗಿಲು

ಬೆಳಗಾವಿಯ ಸಣ್ಣ ಕಾರ್ಖಾನೆಯಲ್ಲಿ ಅವರು ಮೊದಲು ಮೇವು ಕತ್ತರಿಸುವ ಯಂತ್ರಗಳನ್ನು ಮಾಡಿದರು. ಬಳಿಕ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಮರದ ನೇಗಿಲು ನೆಲವನ್ನು ಮೇಲೆ ಮೇಲೆ ಗೀರುತ್ತದೆ. ಕಬ್ಬಿಣದ ನೇಗಿಲು ಮಣ್ಣನ್ನು ಆಳದಿಂದ ಮಗುಚಿಹಾಕುತ್ತದೆ. ಸರಕು ಒಳ್ಳೆಯದು, ಬೆಲೆಯು ವಿಲಾಯತಿ ನೇಗಿಲಿಗಿಂತ ಕಡಿಮೆ. ಆದರೂ ಕೊಳ್ಳುವವರಿಲ್ಲ! ಕಬ್ಬಿಣವು ಭೂಮಿಗೆ ವಿಷವಾಗುತ್ತದೆಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮೊದಲ ನೇಗಿಲು ಮಾರಾಟವಾಗಲು 2 ವರ್ಷಗಳು ಹಿಡಿದವೆಂದರೆ ಆ ದಿನಗಳ ಸಂಕಟವನ್ನು ಊಹಿಸಬಹುದು.

ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಬಾರದ ಗಿರಾಕಿಗಾಗಿ ಹಿಟ್ಟು ರುಬ್ಬಿಟ್ಟ ಹೋಟೆಲಿನವನ ಗತಿಯೂ ಇದೇ. ಹಿಟ್ಟು ಹುಳಿಯಾದರೆ ಒಂದು ದಿನದ ನಷ್ಟ. ನೇಗಿಲು ಮೂಲೆಯಲ್ಲಿ ತುಕ್ಕು ಹಿಡಿದರೆ ಅದರಲ್ಲಿ ತೊಡಗಿಸಿದ ಕಬ್ಬಿಣ, ಇದ್ದಿಲು, ಕೂಲಿ, ಬಡ್ಡಿ ಎಲ್ಲವೂ ತುಕ್ಕು ಹಿಡಿದಂತೆ. ಮುಂದಾಗಿ ಮಾಡಿಡದೆ ಕಾರ್ಖಾನೆಯು ನಡೆಯದು. ಕೊಳ್ಳುವವನ ಮನಸ್ಸನ್ನರಿಯದೆ ಮಾಡಿಟ್ಟರೆ ಉಳಿಯದು. ಆ 2 ವರ್ಷಗಳು ಕಲಿಸುವ ಪಾಠ ಇದೇ. ಸರಕು ಒಳ್ಳೆಯದಿದ್ದರೆ ಸಾಲದು. ಯಾರಿಗೆ, ಎಷ್ಟು, ಎಂದಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು.

ಬಂಜರಿನಲ್ಲಿ ಒಂದು ಊರು

ವ್ಯವಹಾರವು ಚೇತರಿಸಿಕೊಳ್ಳುತ್ತಿರುವಾಗಲೇ ಎರಡನೆಯ ಪೆಟ್ಟು ಬಿದ್ದಿತು. ಊರಿನ ಹೊಸ ಬಡಾವಣೆಗಾಗಿ ಬೆಳಗಾವಿಯ ನಗರಸಭೆಯು ಕಾರ್ಖಾನೆಯ ಸ್ಥಳವನ್ನು ತೆರವು ಮಾಡಿಸಿತು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ನಿಲ್ಲಲು ನೆಲವಿಲ್ಲ! ಆಗ ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಸಹಾಯಹಸ್ತ ನೀಡಿದರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ ಬಡ್ಡಿಯಿಲ್ಲದ 10,000 ರೂಪಾಯಿಗಳ ಸಾಲವನ್ನೂ ಕೊಟ್ಟರು. 1910ನೆಯ ಇಸವಿ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿಯ ಸ್ಥಾಪನೆಯಾಯಿತು.

ಆ ನೆಲದಲ್ಲಿದ್ದುದು ಪಾಪಾಸುಕಳ್ಳಿ ಮತ್ತು ನಾಗರಹಾವು. 25 ಮಂದಿ ಕೆಲಸಗಾರರೂ ಅವರ ಕುಟುಂಬಗಳೂ ಮೊದಲು ಅಲ್ಲಿಗೆ ಬಂದರು. ರಾಮುಅಣ್ಣನವರು ಊರನ್ನು ಕಟ್ಟುವ ಭಾರ ಹೊತ್ತರು. ಯಂತ್ರವಿದ್ಯೆಯಲ್ಲಿ ಶಂಭುರಾವ್ ಜಾಂಭೇಕರ್ ಮತ್ತು ಅನಂತರಾವ್ ಫಳಣೀಕರ್, ಕಛೇರಿಯ ಆಡಳಿತದಲ್ಲಿ ಮಂಗೇಶರಾವ್ ರೇಗೆ ಇವರು ಲಕ್ಷ್ಮಣರಾಯರ ಬಲಗೈಯಾದರು. ದೊಡ್ಡ ಪದವಿಗಳ ಪ್ರಮಾಣಪತ್ರಗಳಿಗಿಂತ ಮನುಷ್ಯನ ಯೋಗ್ಯತೆಯನ್ನು ನೋಡಿ ಕೆಲಸ ಕೊಡುವುದು ಅವರ ಪದ್ಧತಿ. ಸೆರೆಮನೆಯಿಂದ ಹೊರಬಂದ ತುಕಾರಾಮ ರಾಮೋಶಿಯಂಥವನಿಗೂ ಅವರು ಊರಿನ ಕಾವಲನ್ನು ವಹಿಸಿಕೊಟ್ಟರು. ಕಳ್ಳನೆನಿಸಿಕೊಂಡವನು ಕಾವಲುಗಾರನಾದನು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಸ್ಥಾನವಿರಲಿಲ್ಲ.

ಮುಂದೆ ಕುಂಡಲ್ ರೋಡ್ ನಿಲ್ದಾಣಕ್ಕೆ ಕಿರ್ಲೋಸ್ಕರವಾಡಿಯೆಂಬ ಹೆಸರೇ ಬಂದಿತು. ಪುಣೆಯಿಂದ ಮಿರಜ ಮಾರ್ಗವಾಗಿ ಬೆಳಗಾವಿ ಹುಬ್ಬಳ್ಳಿಯ ಕಡೆಗೆ ಪ್ರಯಾಣ ಮಾಡುವ ನಮ್ಮ ವಾಚಕರು ಈ ಫಲಕವನ್ನು ಕಿಟಕಿಯಿಂದ ನೋಡಿರಬಹುದು.

ಯಾವುದು ಮೊದಲು, ಯಾವ ಸಾಲಿನಲ್ಲಿ?

ಇಂತಹ ಕಾರ್ಖಾನೆಯ ನಿತ್ಯದ ಚಿಂತೆ ಏನೆಂಬುದನ್ನು ಈಗ ವಿಚಾರಿಸೋಣ. ಆಳವಾದ ಉಳುಮೆಗೆ ನೇಗಿಲು ಬೇಕಾಗುವುದು ಮಳೆಗಾಲಕ್ಕೆ ಮುಂಚಿನ ಬೇಸಗೆಯಲ್ಲಿ. ಕಬ್ಬಿನ ಗಾಣ ಬೇಕಾಗುವುದು ಆಲೆಮನೆ ಹೂಡುವ ಚಳಿಗಾಲಕ್ಕೆ. ಶೇಂಗಾ ಸುಲಿಯುವ ಯಂತ್ರ ಬೇಕಾಗುವುದು ಸುಗ್ಗಿಯ ಬಳಿಕ. ಸರಕುಗಳು ಬೇರೆ ಬೇರೆ, ಋತುಗಳು ಬೇರೆ ಬೇರೆ; ಆದರೆ ಎಲ್ಲಕ್ಕೂ ಎರಕದ ಭಾಗಗಳು ಬೇಕು, ಅವೆಲ್ಲ ಒಂದೇ ಕುಲುಮೆಯಿಂದ ಬರಬೇಕು. ಒಂದು ಸರಕಿನ ಮರದ ಅಚ್ಚುಗಳನ್ನು ತೆಗೆದು ಇನ್ನೊಂದರ ಅಚ್ಚುಗಳನ್ನು ಹೂಡುವುದಕ್ಕೂ ಸಮಯ ಬೇಕು. ರೈತನ ಆರ್ಡರು ಬಂದ ಮೇಲೆ ಕಬ್ಬಿಣ ಕರಗಿಸುತ್ತೇವೆಂದರೆ ಋತುವು ಕಾಯುವುದಿಲ್ಲ. ಆದುದರಿಂದ ಹಿಂದಿನ ವರ್ಷದ ಮಾರಾಟ, ಏಜೆಂಟರ ಪತ್ರ, ಮಳೆ ಬೆಳೆಗಳ ಸ್ಥಿತಿ ಇವುಗಳಿಂದ ಮುಂದಿನ ಬೇಡಿಕೆಯನ್ನು ಅಳೆದು, ಇಷ್ಟು ಸರಕು ಇಂಥ ದಿನಕ್ಕೆ ಎಂದು ಮೊದಲೇ ಬರೆದುಕೊಳ್ಳಬೇಕು. ಇದೇ ಯೋಜಿತ ಆರ್ಡರು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಕಾರ್ಖಾನೆಯಲ್ಲಿ ಎರಡು ಸಾಲುಗಳಿವೆ. ಮೊದಲನೆಯದು ದಿನಕ್ಕೆ 40 ನೇಗಿಲುಗಳನ್ನು ಮಾಡಬಲ್ಲದು. ಎರಡನೆಯದು 25 ಮಾತ್ರ. 10 ಕೆಲಸದ ದಿನಗಳಲ್ಲಿ 600 ನೇಗಿಲು ಸಿದ್ಧವಾಗಬೇಕು. ಮೊದಲನೆಯ ಸಾಲು ವೇಗದ್ದೆಂದು ಎಲ್ಲವನ್ನೂ ಅದಕ್ಕೇ ಹೊರಿಸಿದರೆ 15 ದಿನ ಬೇಕಾಗುತ್ತದೆ, ವಾಯಿದೆ ಮೀರುತ್ತದೆ. ಎರಡಕ್ಕೂ ಸಮನಾಗಿ 300ರಂತೆ ಹಂಚಿದರೆ ಮೊದಲನೆಯದು 8ನೆಯ ದಿನವೇ ಮುಗಿಸಿ ಸುಮ್ಮನೆ ಕೂರುತ್ತದೆ, ಎರಡನೆಯದಕ್ಕೆ 12 ದಿನ ಬೇಕಾಗುತ್ತದೆ. ಆಗಲೂ ವಾಯಿದೆ ಮೀರುತ್ತದೆ. ಮೊದಲನೆಯದಕ್ಕೆ 400, ಎರಡನೆಯದಕ್ಕೆ 200 ಎಂದು ಶಕ್ತಿಗೆ ತಕ್ಕಂತೆ ಹಂಚಿದರೆ ಮೊದಲನೆಯದು 10 ದಿನಗಳಲ್ಲಿ, ಎರಡನೆಯದು 8 ದಿನಗಳಲ್ಲಿ ಮುಗಿಸುತ್ತದೆ. ಎರಡನೆಯ ಸಾಲಿಗೆ ಉಳಿದ 2 ದಿನಗಳಲ್ಲಿ ಅಚ್ಚು ಬದಲಿಸಿ ಶೇಂಗಾ ಯಂತ್ರದ ಕೆಲಸವನ್ನು ಆರಂಭಿಸಬಹುದು. ಕೆಲಸವೂ ಅಷ್ಟೇ, ಜನರೂ ಅಷ್ಟೇ. ಹಂಚಿಕೆಯ ಭೇದದಿಂದಲೇ ಲಾಭ ನಷ್ಟಗಳ ಭೇದ!

ಆದರೆ ಕಾಗದದ ಲೆಕ್ಕವು ಇಲ್ಲಿಗೆ ಮುಗಿಯಲಿಲ್ಲ. ಎರಡೂ ಸಾಲುಗಳಿಗೆ ಕುಲುಮೆಯೊಂದೇ ಎರಕವನ್ನು ಒದಗಿಸಬೇಕು. ಕುಲುಮೆಯಿಂದ ದಿನಕ್ಕೆ 50 ನೇಗಿಲುಗಳ ಎರಕ ಮಾತ್ರ ಹೊರಬರುವುದಾದರೆ 65ರ ಲೆಕ್ಕವು ಬರಿಯ ಕನಸು. ಎರಡು ಕಾವಲಿಗಳಿದ್ದರೂ ರುಬ್ಬುವ ಕಲ್ಲು ಒಂದೇ ಇದ್ದರೆ ದೋಸೆಯ ವೇಗವನ್ನು ನಿಶ್ಚಯಿಸುವುದು ಆ ಕಲ್ಲೇ ಅಲ್ಲವೇ? ಆದುದರಿಂದ ಬಲ್ಲವನು ಸಾಲುಗಳನ್ನು ತುಂಬುವ ಮೊದಲು ಇಕ್ಕಟ್ಟಿನ ಜಾಗ ಎಲ್ಲಿದೆಯೆಂದು ನೋಡುತ್ತಾನೆ. ಯಂತ್ರ ಕೆಟ್ಟೀತು, ತುರ್ತಿನ ಆರ್ಡರು ಬಂದೀತು ಎಂದು ಪ್ರತಿ ಸಾಲಿನಲ್ಲಿಯೂ ಸ್ವಲ್ಪ ಸಮಯವನ್ನು ತೆರವಾಗಿಟ್ಟಿರುತ್ತಾನೆ.

ಈ ಹಂಚಿಕೆಯ ತಪ್ಪು ಕಟ್ಟಕಡೆಗೆ ಬೀಳುವುದು ದುಡಿಯುವವನ ಬೆನ್ನ ಮೇಲೆ. ಒಂದು ವಾರ ರಾತ್ರಿಯೆಲ್ಲ ದುಡಿತ, ಮುಂದಿನ ವಾರ ಕೆಲಸವಿಲ್ಲದೆ ಕೂಲಿಯ ಕಡಿತ. ಒಂದು ವಿಭಾಗದಲ್ಲಿ ಬೆವರು, ಪಕ್ಕದ ವಿಭಾಗದಲ್ಲಿ ಆಕಳಿಕೆ. ಊಟದ ಹೊತ್ತಿನಲ್ಲಿ ಇಡೀ ಹೋಟೆಲಿನ ಭಾರವನ್ನು ಇಬ್ಬರು ಮಾಣಿಗಳ ಮೇಲೆ ಹೊರಿಸಿದ ಯಜಮಾನನನ್ನು ಕಂಡವರಿಗೆ ನಾವು ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸರಿಯಾದ ಹಂಚಿಕೆಯು ಜಾಣತನ ಮಾತ್ರವಲ್ಲ, ಅದು ನ್ಯಾಯವೂ ಹೌದು.

ಯುದ್ಧಕಾಲದ ಪರೀಕ್ಷೆ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಕಿರ್ಲೋಸ್ಕರವಾಡಿಗೆ ವಿಚಿತ್ರವಾದ ಪರಿಸ್ಥಿತಿ ಒದಗಿತು. ವಿಲಾಯತಿ ನೇಗಿಲುಗಳ ಆಮದು ಕುಗ್ಗಿ ಸ್ವದೇಶೀ ನೇಗಿಲಿಗೆ ಬೇಡಿಕೆ ಏರಿತು. ಆದರೆ ಅದೇ ಕಾರಣದಿಂದ ಕಬ್ಬಿಣವೂ ಕಲ್ಲಿದ್ದಲೂ ದುರ್ಲಭವಾದವು. ಒಂದು ಕಾಲದಲ್ಲಿ ಸರಕಿದ್ದು ಆರ್ಡರು ಇರಲಿಲ್ಲ. ಈಗ ಆರ್ಡರು ಇದ್ದು ಸಾಮಗ್ರಿಯಿಲ್ಲ. ಲಕ್ಷ್ಮಣರಾಯರು ಕಲ್ಲಿದ್ದಲಿಗೆ ಬದಲಾಗಿ ಕಟ್ಟಿಗೆಯ ಇದ್ದಿಲನ್ನು ಉಪಯೋಗಿಸಿ ಕುಲುಮೆಯನ್ನು ಆರದಂತೆ ನೋಡಿಕೊಂಡರು. ಬಣ್ಣಗಳನ್ನು ಕಾಣದ ಕಣ್ಣು ದಾರಿಯನ್ನು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

1920ರಲ್ಲಿ ಉದ್ಯಮವು ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಕಂಪನಿಯಾಯಿತು. ಅದೇ ವರ್ಷ ಕಿರ್ಲೋಸ್ಕರ್ ಖಬರ್ ಎಂಬ ಪತ್ರಿಕೆಯು ಹೊರಟಿತು. ಕಾರ್ಖಾನೆಗೂ ದೂರದ ಏಜೆಂಟರಿಗೂ ಗಿರಾಕಿಗಳಿಗೂ ನಡುವೆ ಸೇತುವೆಯಾಗಿ ಹುಟ್ಟಿದ ಈ ಪತ್ರಿಕೆಯೇ ಮುಂದೆ ಮರಾಠಿಯ ಪ್ರಸಿದ್ಧ ಮಾಸಿಕವಾಗಿ ಬೆಳೆಯಿತು. ಮಾಡುವವನೂ ಕೊಳ್ಳುವವನೂ ಪರಸ್ಪರ ಅರಿತಿರಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿ 1926ರಲ್ಲಿ ಹಿಂತಿರುಗಿ ತಂದೆಯ ಜೊತೆಗೂಡಿದರು.

ಹೊರಗಿನ ಜಗತ್ತಿನಲ್ಲಿ

ಲಕ್ಷ್ಮಣರಾಯರು ವಾಡಿಯನ್ನು ಕಟ್ಟುತ್ತಿದ್ದ ಕಾಲಕ್ಕೇ ಅಮೆರಿಕದಲ್ಲಿ ಈ ಹಂಚಿಕೆಯು ಒಂದು ಶಾಸ್ತ್ರವಾಗುತ್ತಿತ್ತು. ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರನು ದಿನಗಳನ್ನು ಅಡ್ಡಸಾಲಿನಲ್ಲಿ, ಯಂತ್ರಗಳನ್ನು ಕೆಳಗೆ ಕೆಳಗೆ ಬರೆದು, ಯಾವ ಯಂತ್ರಕ್ಕೆ ಎಂದಿನಿಂದ ಎಂದಿನವರೆಗೆ ಯಾವ ಕೆಲಸವೆಂದು ಪಟ್ಟಿ ಎಳೆದು ತೋರಿಸುವ ನಕ್ಷೆಯನ್ನು ಪ್ರಚಾರಕ್ಕೆ ತಂದನು. 1913ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಆರಂಭವಾಯಿತು. ಬಳಿಕ ಜಪಾನಿನ ಟೊಯೋಟಾ ಕಂಪನಿಯಲ್ಲಿ ತಾಯಿಚಿ ಓನೋ ಎಂಬವರು, ಒಂದು ಬಗೆಯ ಸರಕನ್ನು ರಾಶಿ ಹಾಕಿ ಆಮೇಲೆ ಇನ್ನೊಂದಕ್ಕೆ ಹೋಗುವ ಬದಲು, ಹಲವು ಬಗೆಗಳನ್ನು ಒಂದೇ ಸಾಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಹರಿಸುವ ಪದ್ಧತಿಯನ್ನು ಬೆಳೆಸಿದರು. ಬೇಕಾದ ಭಾಗವನ್ನು ಬೇಕಾದಾಗ ಮಾತ್ರ ಒಂದು ಚೀಟಿಯಿಂದ ಕರೆಸಿಕೊಳ್ಳುವುದು ಆ ಪದ್ಧತಿಯ ಅಂಗ. ಹೋಟೆಲಿನಲ್ಲಿ ಒಳಗೆ ಹೋಗುವ ಆರ್ಡರಿನ ಚೀಟಿಗೆ ಇದು ದೂರದ ಬಂಧುವೇ ಸರಿ!

ವಿಧಿಯ ವಿನೋದವನ್ನು ನೋಡಿರಿ. ಈ ಎರಡು ಹೆಸರುಗಳೂ ಮುಂದೆ ಕನ್ನಡ ನೆಲದಲ್ಲಿಯೇ ಒಂದಾದವು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿಯು ಸ್ಥಾಪಿತವಾಗಿ, ಬೆಂಗಳೂರಿನ ಸಮೀಪದ ಬಿಡದಿಯಲ್ಲಿ 1999ರ ಕೊನೆಗೆ ಅದರ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಇಂದು ಗಣಕಯಂತ್ರಗಳು ಕ್ಷಣಮಾತ್ರದಲ್ಲಿ ಆರ್ಡರುಗಳನ್ನು ಸಾಲುಗಳಿಗೆ ಹಂಚಿಕೊಡುತ್ತವೆ. ಆದರೆ ಗಣಕಕ್ಕೆ ತಪ್ಪು ಲೆಕ್ಕ ಕೊಟ್ಟರೆ ಅದು ತಪ್ಪನ್ನೇ ವೇಗವಾಗಿ ಹಂಚುತ್ತದೆ. ರೈತನ ಮನಸ್ಸು, ಮಳೆಯ ಗತಿ, ಕೆಲಸಗಾರನ ಆಯಾಸ ಇವುಗಳನ್ನು ತಿಳಿಯಲು ಮನುಷ್ಯನೇ ಬೇಕು.

ಕೊನೆಯ ದಿನಗಳು

ವೃದ್ಧಾಪ್ಯದಲ್ಲಿ ಲಕ್ಷ್ಮಣರಾಯರು ಕಾರ್ಖಾನೆಯ ಭಾರವನ್ನು ಮುಂದಿನ ಪೀಳಿಗೆಗೆ ಒಪ್ಪಿಸಿದರು. ಅವರ ಕಣ್ಣೆದುರಿಗೇ ಉದ್ಯಮದ ಕೊಂಬೆಗಳು ಹರಡಿದವು. 1941ರಲ್ಲಿ ಹರಿಹರದಲ್ಲಿ ಲೇತ್ ಮುಂತಾದ ಯಂತ್ರಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆ, ಅದೇ ವರ್ಷ ನಮ್ಮ ಈ ಪುಣೆಯಲ್ಲಿ ತೈಲ ಎಂಜಿನುಗಳ ಕಾರ್ಖಾನೆ ಸ್ಥಾಪಿತವಾದವು. ನೇಗಿಲನ್ನು ಕೊಟ್ಟವರೇ ಹೊಲಕ್ಕೆ ನೀರೆತ್ತುವ ಎಂಜಿನನ್ನೂ ಕೊಟ್ಟರು. ಇವುಗಳಲ್ಲಿ ಹರಿಹರದ ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅದನ್ನು ನಂಬಿದ್ದ ಸಂಸಾರಗಳ ಕಷ್ಟವನ್ನು ಆ ಊರು ಮರೆತಿಲ್ಲ. ದೊಡ್ಡ ಹೆಸರೊಂದೇ ಯಾವ ಕಾರ್ಖಾನೆಯನ್ನೂ ಕಾಯಲಾರದು. ಆರ್ಡರು ಬರುತ್ತಿರಬೇಕು, ಸಾಲು ಓಡುತ್ತಿರಬೇಕು.

1956ನೆಯ ಇಸವಿ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತಮ್ಮ 87ನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು. ಅವರ ಜನ್ಮಶತಾಬ್ದಿಯಾದ 1969ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರತಂದು ಗೌರವಿಸಿತು.

ಬಡ್ತಿ ತಪ್ಪಿದ ಗುಮಾಸ್ತನೂ ನೆಲೆ ತಪ್ಪಿದ ಕೆಲಸಗಾರನೂ ಈ ಜೀವನದಲ್ಲಿ ತಮ್ಮ ಮುಖವನ್ನು ಕಾಣಬಹುದು. ಆದರೆ ಸಹನೆಯೊಂದರಿಂದಲೇ ಲಕ್ಷ್ಮಣರಾಯರು ದೊಡ್ಡವರಾಗಲಿಲ್ಲವೆಂಬುದನ್ನು ನಾವು ಮರೆಯಬಾರದು. ಇನ್ನೂ ಬಾರದ ರೈತನಿಗಾಗಿ ನೇಗಿಲನ್ನು ಎರಕ ಹೊಯ್ಯುವ ಧೈರ್ಯ, ಅವನು ಬಂದೇ ಬರುವಂತೆ ಮಾಡುವ ಪ್ರಯತ್ನ, ಬಂದ ದಿನ ಬರಿಗೈಯಲ್ಲಿ ಕಳುಹಿಸದಂಥ ಸಿದ್ಧತೆ ಇವು ಮೂರೂ ಅವರಲ್ಲಿ ಕೂಡಿದ್ದವು. ಮಾರ್ಕೆಟ್ ಯಾರ್ಡಿನ ಯಾವುದೋ ಹೋಟೆಲಿನ ಹಿಂಬದಿಯಲ್ಲಿ ಇಂದು ಮಧ್ಯಾಹ್ನ ಅಕ್ಕಿ ಅಳೆದು ನೆನೆಹಾಕುವ ನಮ್ಮ ಬಂಧುವು, ನಾಳೆಯ ಜನವೆಷ್ಟು, ಹಿಟ್ಟೆಷ್ಟು, ಯಾರ ಕೈಗೆ ಯಾವ ಒಲೆ ಎಂದು ಯೋಚಿಸುವಾಗ, ತಾನೂ ಅದೇ ವಿದ್ಯೆಯ ವಿದ್ಯಾರ್ಥಿಯೆಂಬ ಅಭಿಮಾನವನ್ನು ತಾಳಲಿ. ಪಾವು ಅಕ್ಕಿಯ ಲೆಕ್ಕವನ್ನು ನೇರವಾಗಿ ಬಲ್ಲವನಿಗೆ ಕಾರ್ಖಾನೆಯ ಲೆಕ್ಕವು ದೂರದ್ದಲ್ಲ.